ಕುಡುಗೋಲಿನ ಬಾಯಿ

…ನಗ್ತೀಯ? ನಗು, ನಗು. ಅತ್ತೆ ಕಪ್ಪು ಬಟ್ಟೆ ಉಟ್ಟು, ಕೈಗೆ ಕಪ್ಪು ಉಣ್ಣೆ ಸುತ್ತಿಕೊಂಡು, ಹಾಡಹಗಲೇ ಕಳ್ಳಿ ಥರ ಬಾಗಿಲಿಗೆ ಅಗುಳಿ ಹಾಕಿದ್ರೆ ಯಾವ ಸೊಸೆಗೆ ನಗು ಬರಲ್ಲ! ಆದ್ರೆ ಬಾಯಿ ಮುಚ್ಚಿಕೊಂಡು ನಗು ಎಲ್ವಿರಾ. ಇಗರ್ಜಿ ಗಂಟೆ ಕೇಳಿಸ್ತಲ್ಲ? ಶನಿವಾರ, ಮಧ್ಯಾಹ್ನದ ಶನಿ ಹೋರೆ, ಅವನು ಆಳೋ ಗಳಿಗೆ, ಶುರುವಾಯ್ತು. ಇನ್ನು ಈ ತಗಡು ನಿನ್ನ ಹೊಟ್ಟೆ ಮೇಲೆ ಬೀಳೋವರೆಗೂ ನೀನು ತುಟಿಪಿಟಕ್ ಅನ್ನೋ ಹಾಗಿಲ್ಲ. ಕಟ್ಟಿಸಿಕೊಳ್ಳೋಳು ಮಾತಾಡಿದ್ರೆ ಕಟ್ಟಿದ್ದೆಲ್ಲ ಗಾಳಿಗೆ ಹೋಯ್ತು ಅಂತ ಜೋಯಿಸರು ಖಡಾಖಂಡಿತ ಹೇಳಿದ್ದಾರೆ. ಮಾತಾಡೋ ಭಾರ ನಂದು, ಸುಮ್ಮನಿರೋ ಭಾರ ನಿಂದು. ನಿಂಗೆ ಕಷ್ಟ ಅಂತ ಗೊತ್ತು ಕಣೇ… ಮದುವೆಯಾಗಿ ಈ ಮನೆಗೆ ಬಂದಾಗಿಂದ ನಿನ್ನ ನಾಲಿಗೆಗೆ ರಜ ಸಿಕ್ಕಿರೋದು ಇವತ್ತೇ!

ಕೂತ್ಕೋ. ಅಲ್ಲಿ ಬೇಡ, ಇಲ್ಲಿ, ಹಿಟ್ಟಿನ ಹಲಗೆ ಹತ್ತಿರ. ಕಿಟಕಿಗೆ ಬೆನ್ನು ಮಾಡಿ ಕೂತ್ಕೋ. ಸೂರ್ಯನಿಗೂ ಶನಿಗೂ ಆಗಿಬರಲ್ಲ, ಬೆಳಕು ಬಿದ್ದರೆ ಅವನು ಮುನಿಸ್ಕೋತಾನೆ. ಹಾಂ… ಹಾಗೆ. ಕಾಲು ಚಾಚ್ಕೋ. ಬಸುರಿ ನೀನು, ಕಾಲು ಮಡಿಸಿ ಕೂರಬಾರದು.

ಇದೇ ನೋಡು… ಮುಟ್ಟಬೇಡ!

ಹೆದರಿಸಿಬಿಟ್ನಾ? ಅಯ್ಯೋ, ಬೈದಿದ್ದಲ್ಲಮ್ಮ. ಕೈ ಹಿಂದೆ ತಗೋ ಅಷ್ಟೆ. ಈ ಹೋರೆಯಲ್ಲಿ ಇದು ಯಾವ ಹೆಂಗಸಿನ ಮೈ ಮೊದಲು ಮುಟ್ಟುತ್ತೋ ಅವಳದಾಗುತ್ತೆ. ಅವಳಿಗೇ ಕೆಲಸ ಮಾಡುತ್ತೆ. ಅದಕ್ಕೇ ನನ್ನ ಕೈಗೆ ಉಣ್ಣೆ. ಅದು ನಂದಾಗಿಬಿಟ್ಟರೆ ನಿಂಗೇನು ಉಳೀತು ಹೇಳು? ನಾನು ಕಟ್ಟಬೇಕು, ನಿನ್ನ ಹೊಟ್ಟೆಗೆ ನೇರವಾಗಿ ತಾಗಬೇಕು. ಅಷ್ಟೇ ವಿಷಯ.

ಮೂಗು ಯಾಕೆ ಮುಚ್ಕೋತೀಯ? ಹಳೇ ಚರ್ಮ ಸುಟ್ಟು ಹೊಗೆ ಕೊಟ್ಟಿದ್ದಾರೆ. ಶುಕ್ರನಿಗೆ ಗುಲಾಬಿ ಬೇಕು, ರವಿಗೆ ಕೇಸರಿ ಬೇಕು, ಶನಿಗೆ ಇದೇ ಬೇಕು. ಅವನವನ ರುಚಿ ಅವನವನಿಗೆ. ಮುದ್ರೆ ಕೆತ್ತೋ ಬೆರ್ಮೂದೊನ ಮಗಳಿಗೆ ನಾನು ಹೇಳಬೇಕಾ ಇದನ್ನೆಲ್ಲ! ಬೇರೆ ಮಕ್ಕಳು ಗೋಲಿ ಆಡೋವಾಗ ನೀನು ಅಪ್ಪನ ಉಳಿ ಸಾಣೆ ಹಿಡೀತಿದ್ದೆಯಂತೆ.

ಓ… ಆ ಹುಬ್ಬು. ಆ ಹುಬ್ಬು ಏನು ಕೇಳ್ತಿದೆ ಅಂತ ನಂಗೆ ಗೊತ್ತಾಯ್ತು ಬಿಡು. ಬೀಗರು ಇದೇ ಬೀದೀಲಿ ಇರೋವಾಗ ನದಿ ಆಚೆ ದಡದ ಯಾವನೋ ಹತ್ತಿರ ಯಾಕೆ ಕೆತ್ತಿಸಿದೆ ಅಂತ ತಾನೆ? ಅವರ ಕಣ್ಣು ಮಂಜಾಗಿದೆ ಕಣೇ. ಒಂದು ಉಂಗುರಕ್ಕೆ ಎರಡು ಹಬ್ಬ ಕಾಯಿಸ್ತಾರೆ. ಸಿಂಹ ಕೆತ್ತು ಅಂದ್ರೆ ನಾಯಿ ಕೆತ್ತಿ ಕೊಟ್ಟರು ಅಂತ ಸಂತೇಲೆಲ್ಲ ನಗ್ತಾರೆ… ಇರಲಿ, ಇರಲಿ, ಮುಖ ಕೆಂಪು ಮಾಡ್ಕೋಬೇಡ. ನಿನ್ನಪ್ಪನ್ನ ನಾನೇನೂ ಅಂದಿಲ್ಲ. ಒಳ್ಳೇ ಮನುಷ್ಯ. ಸ್ವಲ್ಪ ಜಾಸ್ತಿಯೇ ಒಳ್ಳೇ ಮನುಷ್ಯ.

ಸರಿ. ನೋಡು, ದೂರದಿಂದಲೇ ನೋಡು. ಸೀಸದ ತಗಡು. ಯಾಕೆ ಸೀಸ? ಯಾಕಂದ್ರೆ ಸೀಸ ಭಾರ. ಭಾರ ಇದ್ದದ್ದು ಜಾರಲ್ಲ. ಗರ್ಭ ನಿಲ್ಲುತ್ತೆ. ಈ ಮುದುಕ ಶನಿ. ಗೂನುಬೆನ್ನು ಅಂದ್ರೆ ತಾಳ್ಮೆ… ಒಂಬತ್ತು ತಿಂಗಳು ಹೊರೋಕೆ ತಾಳ್ಮೆ ಬೇಡ್ವಾ? ಕಾಗೆ ತಲೆ ಅಂದ್ರೆ ದೀರ್ಘಾಯುಸ್ಸು, ಕಾಗೆ ಸತ್ತದ್ದನ್ನ ಯಾರು ನೋಡಿದ್ದಾರೆ! ಕಾಲ ಕೆಳಗೆ ಆಮೆ. ಮನೆ ಬಿಟ್ಟು ಆಚೆ ಹೋಗಲ್ಲ ಅದು. ಮಗು ಹಾಗೇ ಒಳಗಿರಲಿ ಅಂತ. ಇನ್ನು ಕುಡುಗೋಲು… ಕುಡುಗೋಲು ಅಂದ್ರೆ… ಕಣ್ಣು ಹಾಕೋರ ಕಣ್ಣು ಕೊಯ್ಯೋಕೆ. ಮತ್ತಿನ್ನೇನು?

ತಲೆ ಅಲ್ಲಾಡಿಸಿದೆಯಾ? ಯಾಕೆ ಅಲ್ಲಾಡಿಸಿದೆ?

ಮಾತಾಡಬೇಡ ಅಂದೆ, ತಲೆ ಅಲ್ಲಾಡಿಸು ಅಂತಲೂ ಅನ್ನಲಿಲ್ಲ ನಾನು. ಕುಪ್ಪಸ ಮೇಲಕ್ಕೆತ್ತು. ನಂಗೂ ಒಲೆ ಮೇಲೆ ಕಡಲೆ ಇಟ್ಟ ಚಿಂತೆ, ತಳ ಹಿಡಿದ್ರೆ ನಿನ್ನ ಗಂಡನ ಮುಖ ನೋಡೋ ಹಾಗಿರಲ್ಲ. ಎತ್ತಮ್ಮ. ಹೆಣ್ಣು ಹೆಣ್ಣಿನ ಮುಂದೆ ನಾಚೋದೇನು…

ಏನದು? ಹಿಟ್ಟಲ್ಲಿ ಏನು ಗೀಚ್ತಿದ್ದೀಯ? ರೊಟ್ಟಿ ಹಿಟ್ಟು ಅದು, ಹಲಗೆ ಹಾಳು ಮಾಡಬೇಡ! ಎಲ್ಲಿ… ಮುದುಕ. ಗೂನು. ಹ್ಞೂಂ, ಅಪ್ಪನ ಕೈ ಇಳಿದಿದೆ ನಿಂಗೆ. ಇದು ಕುಡುಗೋಲು. ಗೊತ್ತಾಯ್ತು, ಕುಡುಗೋಲು. ಅದರ ಬಾಯಿ… ಆಚೆ ಕಡೆ. ಆಮೇಲೆ? ನನ್ನ ತಗಡಲ್ಲಿ… ಈಚೆ ಕಡೆ.

ಅದಕ್ಕೇನೀಗ? ಆಚೆ ತಿರುಗಿದ್ರೂ ಕುಡುಗೋಲೇ, ಈಚೆ ತಿರುಗಿದ್ರೂ ಕುಡುಗೋಲೇ.

ಹಾಗೆ ನೋಡಬೇಡ. ನೀವು ಕೆತ್ತೋ ಜನ ಒಂದು ಗೆರೆ ಆಚೀಚೆ ಆದರೆ ಊರು ಮುಳುಗಿತು ಅಂತೀರ. ಕಾಯೋ ಶನಿಗೆ ಕುಡುಗೋಲಿನ ಬಾಯಿ ಹೊರಗೆ, ಕಳೆಯೋ ಶನಿಗೆ ಒಳಗೆ, ಅದು ತಾನೆ ನಿನ್ನಪ್ಪ ಹೇಳ್ತಿದ್ದದ್ದು? ಗೊತ್ತು. ಈ ತೊಲೆದೊ ಊರಲ್ಲಿ ಹುಟ್ಟಿದ ಕತ್ತೆಗೂ ಅದು ಗೊತ್ತು. ಆದ್ರೆ ಇದು ಮುದ್ರೆ ಅಲ್ವಾ… ಮುದ್ರೆ ಒತ್ತಿದಾಗ ಎಡ ಬಲ ಆಗುತ್ತೆ, ಬಲ ಎಡ ಆಗುತ್ತೆ. ಒಳಗಿದ್ದ ಬಾಯಿ ಹೊರಗೆ ಬೀಳುತ್ತೆ. ಅದಕ್ಕೇ ಆ ಕೆಲಸದವನು ತಿರುಗಿಸಿ ಕೆತ್ತಿದ್ದಾನೆ. ಅಷ್ಟೇ!

…ಹೌದು. ಇದನ್ನ ಯಾರೂ ಮೇಣಕ್ಕೆ ಒತ್ತಲ್ಲ. ಹೌದು, ಕಟ್ಟೋ ತಗಡು ಇದು. ನಂಗೆ ಗೊತ್ತಿಲ್ವಾ?

ಅವನು ತಪ್ಪು ಮಾಡಿರಬಹುದಪ್ಪ! ಆಚೆ ದಡದವನು, ನಮ್ಮ ಕಡೆ ಪದ್ಧತಿ ಅವನಿಗೇನು ಗೊತ್ತು. ಎಲ್ಲದಕ್ಕೂ ನಾನೇ ಹೊಣೆಯಾ? ಕುಂಬಳಕಾಯಿ ಕಳ್ಳ ಅಂದ್ರೆ ನಾನ್ಯಾಕೆ ಹೆಗಲು ಮುಟ್ಟಿ ನೋಡ್ಕೋಬೇಕು? ನೋಡ್ಕೊಳ್ಳಲ್ಲ ನಾನು.

ಕೂತ್ಕೋ… ಎಲ್ವಿರಾ, ಕೂತ್ಕೋ ಅಂದೆ. ಬಾಗಿಲಿಗೆ ಯಾಕೆ ಹೋಗ್ತೀಯ? ಆ ಅಗುಳಿ ಜಿಗುಟು, ನಿನ್ನ ಕೈಲಿ ಆಗಲ್ಲ. ಸೊಂಟ ಉಳುಕಿಸ್ಕೋತೀಯ. ಬಾ. ಬಾರಮ್ಮ. ನನ್ನ ಬಂಗಾರ ಅಲ್ವಾ. ನಿನ್ನ ಮೇಲೆ ನಂಗೇನು ಹಗೆ? ನೀನು ಬಂದ ಮೇಲೆ ಈ ಮನೇಲಿ ದೀಪ ಹತ್ತಿತು, ಅದನ್ನ ಇಲ್ಲ ಅನ್ನಲ್ಲ ನಾನು. ಅತ್ತೆ ಬಾಯಲ್ಲಿ ಇಂಥಾ ಮಾತು ಯಾವ ಸೊಸೆ ಕೇಳಿಸ್ಕೊಂಡಿದ್ದಾಳೆ ಹೇಳು.

ಸರಿ. ಹೇಳ್ತೀನಿ. ಪೂರ್ತಿ ಹೇಳ್ತೀನಿ, ಕೂತ್ಕೊಂಡು ಕೇಳು.

ಹೋದ ಹುಣ್ಣಿಮೆಗೆ ಜೋಯಿಸ ಗಿಯೆನ್ ಹತ್ತಿರ ಹೋಗಿದ್ದೆ. ನೀನು ಹೇಳಿದ ಮುಟ್ಟು ನಿಂತ ದಿನದಿಂದ ಲೆಕ್ಕ ಹಾಕಿ ಮಗುವಿನ ಕುಂಡಲಿ ಹಾಕಿ ಅಂದೆ. ಸಂತೋಷಕ್ಕೆ ಹೋಗಿದ್ದು ಕಣೇ! ಸೇಬು ಹಣ್ಣಿನ ಪಾಕ ಒಂದು ಭರಣಿ ತಗೊಂಡು ಹೋಗಿದ್ದೆ. ಮನುಷ್ಯ ಹಲಗೆ ಮೇಲೆ ಗೆರೆ ಹಾಕ್ತಾ ಹಾಕ್ತಾ… ಪಾಕ ನೆಕ್ಕೋದು ನಿಲ್ಲಿಸಿದ. ಬೆರಳು ಬಾಯಲ್ಲೇ ಇತ್ತು. ಶನಿ ವಕ್ರವಾಗಿ ಬಂದು ಅಪ್ಪನ ಮನೇಲಿ ಕೂತಿದ್ದಾನೆ ಅಂದ. ಕುಜ ಎದುರು ನಿಂತು ನೋಡ್ತಿದ್ದಾನೆ. ಚಂದ್ರ ಅವರಿಬ್ಬರ ಮಧ್ಯೆ ಸಿಕ್ಕಿ… ಮಗುವಿಗೆ ಏನೂ ಆಗಲ್ಲ, ಮಗು ಗಟ್ಟಿ ಅಂದ. ಅಪ್ಪ ಮಾತ್ರ…

ಅಪ್ಪ ಮಗುವಿನ ಹಲ್ಲು ನೋಡಲ್ಲ ಅಂದ.

ಈಗ ಗೊತ್ತಾಯ್ತಾ? ಈಗ ನಗು ನೋಡೋಣ.

ನಿನ್ನ ಗಂಡ, ನನ್ನ ತೇಯೊ, ಎಂಥಾ ಕೆಲಸ ಮಾಡ್ತಾನೆ ಗೊತ್ತಲ್ಲ. ಬೆಂಕಿಯಂಥ ಕತ್ತಿ ತಗೊಂಡು ನದಿ ನೀರಿಗೆ ಅದ್ದೋದು. ಒಂದು ಕಡೆ ಕುಲುಮೆ, ಒಂದು ಕಡೆ ಮಡು. ಕಾಲು ಜಾರೋಕೆ ಎಷ್ಟು ಹೊತ್ತು? ಇವತ್ತು ಬೆಳಗ್ಗೆ ಹೋಗೋವಾಗ ನಿನ್ನ ಹೊಟ್ಟೆ ಮೇಲೆ ಕೈಯಿಟ್ಟು ಏನೋ ಪಿಸುಗುಟ್ಟಿದ. ನಾನು ಅಲ್ಲೇ ನಿಂತಿದ್ದೆ, ರೊಟ್ಟಿ ಗಂಟು ಹಿಡ್ಕೊಂಡು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಗಂಟು ಕಿತ್ಕೊಂಡು ಹೋದ. ಹೋಗಲಿ, ನೋಡದಿದ್ರೆ ಬೇಡ, ಬದುಕಿರಲಿ! ನಾನು ದಿನಾ ಸಂಜೆ ಆ ಸೇತುವೆ ಕಡೆ ಕಿವಿ ಇಟ್ಕೊಂಡು ಕೂರ್ತೀನಿ ಎಲ್ವಿರಾ. ಅವನ ಹೆಜ್ಜೆ ಸದ್ದು ಕೇಳೋವರೆಗೂ ಒಂದು ತುತ್ತು ಗಂಟಲಲ್ಲಿ ಇಳಿಯಲ್ಲ. ನೀನು ಹಾಡು ಗುನುಗ್ತಾ ತೊಟ್ಟಿಲ ಬಟ್ಟೆ ಹೊಲೀತಿರ್ತೀಯ. ನಿನ್ನನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ. ನಿಜ ಹೇಳ್ತೀನಿ, ಉರಿಯುತ್ತೆ.

ಅಳಬೇಡ. ಅಳ್ತಿಲ್ವಾ? ಮತ್ತೆ ಯಾಕೆ ಹಾಗೆ ಹೊಟ್ಟೆ ಮೇಲೆ ಎರಡೂ ಕೈಯಿಟ್ಟೆ?

ನೋಡು, ಅದಕ್ಕೇ ಈ ತಗಡು. ತೇಯೊನೂ ಉಳಿಯಲಿ, ಮಗುನೂ ಉಳಿಯಲಿ. ಇಬ್ಬರನ್ನೂ ಕಾಯುತ್ತೆ ಇದು. ಹ್ಞಾಂ, ಇಬ್ಬರನ್ನೂ. ಕೋಪ ಮಾಡ್ಕೊಂಡಿರೋ ಶನಿಗೆ ಶನಿಯನ್ನೇ ತೋರಿಸೋದು. ಮುಳ್ಳನ್ನ ಮುಳ್ಳಿಂದ ತೆಗೀತಾರಲ್ಲ, ಹಾಗೆ. ಕುಡುಗೋಲಿನ ಬಾಯಿ ಒಳಗಿದೆ ಅಂತ ಕೇಳ್ತೀಯಲ್ಲ… ಒಳಗೆ ಬಂದಿರೋ ದೋಷ ಒಳಗೇ ಕೊಯ್ಯಬೇಕಲ್ವಾ? ದೋಷ ಹೋಗುತ್ತೆ, ಮಗು ನಿಲ್ಲುತ್ತೆ. ನಾನು ಹಾಗಂತ… ಜೋಯಿಸರು ಹಾಗಂತ ಹೇಳಿದ್ದಾರೆ.

ನಂಬಲ್ವಾ? ನನ್ನ ಮುಖ ನೋಡಿ ಹೇಳು. ಅಲ್ಲ, ಹೇಳಬೇಡ, ಮಾತಾಡಬಾರದು.

ನಾನೂ ಕಟ್ಟಿಕೊಂಡಿದ್ದೆ ಕಣೇ! ಇಂಥದ್ದೇ! ಇಷ್ಟೇ ಅಗಲ, ಇದೇ ಮುದುಕ, ಇದೇ ಕುಡುಗೋಲು. ತೇಯೊ ಹೊಟ್ಟೇಲಿ ಇದ್ದಾಗ ನನ್ನ ಅತ್ತೆ ತಂದ್ಲು. ಇದೇ ಅಡುಗೆಮನೆ, ಇದೇ ಹಲಗೆ. ಆ ಮುದುಕಿ ನನ್ನ ಹಾಗೆ ಬಂಗಾರ, ಚಿನ್ನ ಅಂತ ಕರೀತಿರಲಿಲ್ಲ, ಕೂದಲು ಹಿಡಿದು ಕೂರಿಸ್ತಿದ್ಲು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ… ನಾನು ಕಮಕ್ ಕಿಮಕ್ ಅನ್ನದೆ ಕಟ್ಟಿಸ್ಕೊಂಡೆ. ಏನಾಯ್ತು? ಮಗು ಹೋಯ್ತಾ? ನಿನ್ನ ಗಂಡನ್ನ ನೋಡು, ಗೂಳಿ ಥರ ಇದ್ದಾನೆ! ಬಾಗಿಲಲ್ಲಿ ತಲೆ ಬಗ್ಗಿಸಿ ಬರ್ತಾನೆ. ಇದಕ್ಕಿಂತ ಸಾಕ್ಷಿ ಬೇಕಾ ನಿಂಗೆ?

ಏನು? ಆ ಕೈಸನ್ನೆ ಏನು? ಎಲ್ಲಿ ಅಂತಾನಾ?

ಎಲ್ಲಿ ಅಂದ್ರೆ… ಅದು ಎಲ್ಲಿರುತ್ತೆ ಇಷ್ಟು ಕಾಲ! ಸೀಸ ಕಣೇ, ಕರಗುತ್ತೆ, ಸವೆಯುತ್ತೆ. ಕಳೆದುಹೋಯ್ತು. ನದೀಲಿ ಬಟ್ಟೆ ಒಗೆಯೋವಾಗ ದಾರ ಕಿತ್ತು ಬಿತ್ತು. ತಾಹೊ ನದಿ ಹೊಟ್ಟೇಲಿ ಏನೇನಿದೆಯೋ, ಅದೂ ಇದೆ. ಹೋಗಿ ಹುಡುಕು ಬೇಕಾದ್ರೆ.

ಬೆರಳು ಯಾರ ಕಡೆ ತೋರಿಸ್ತಿದ್ದೀಯ? ಗೋಡೆ ಕಡೆ? ಗೋಡೇಲಿ ಏನಿದೆ… ಮಾವನ ಟೋಪಿ. ಅವರ ಸುದ್ದಿ ಯಾಕೆ ಈಗ? ಸತ್ತೋರನ್ನ ಯಾಕೆ ಎಳೀತೀಯ ಇದರೊಳಗೆ?

ನನ್ನ ಗಂಡ ಫೋರ್ತುನ್ ಸತ್ತದ್ದು ಜ್ವರ ಬಂದು. ಊರಿಗೆಲ್ಲ ಬಂದಿತ್ತು ಜ್ವರ. ನಮ್ಮ ಬೀದೀಲೇ ಆರು ಹೆಣ ಎದ್ದವು. ತೇಯೊ ಆಗ… ತೇಯೊ ಆಗ ಅಂಬೆಗಾಲು ಇಡ್ತಿದ್ದ. ಇಲ್ಲ, ಇನ್ನೂ ಇಟ್ಟಿರಲಿಲ್ಲ. ಹಲ್ಲು… ಹಲ್ಲು ಬಂದಿತ್ತೋ ಇಲ್ವೋ ನೆನಪಿಲ್ಲ ನಂಗೆ. ಯಾವ ತಾಯಿ ಅದನ್ನೆಲ್ಲ ನೆನಪಿಟ್ಕೋತಾಳೆ!

ಎಲ್ಲ ತಾಯಂದಿರೂ ನೆನಪಿಟ್ಕೋತಾರೆ ಅಂತೀಯ. ಅಂದೆ ತಾನೆ? ಬಾಯಲ್ಲಿ ಅನ್ನಲಿಲ್ಲ, ಕಣ್ಣಲ್ಲಿ ಅಂದೆ.

ಬಂದಿರಲಿಲ್ಲ. ಸರೀನಾ? ಬಂದಿರಲಿಲ್ಲ! ವಸಡು ಊದಿತ್ತು. ಅವರು ಮಲಗಿದಲ್ಲಿಂದಲೇ ಬೆರಳು ಇಟ್ಟು ಸವರಿ, ನಾಳೆ ಬರುತ್ತೆ ನೋಡು ಉರ್ರಾಕಾ ಅಂದ್ರು. ಅವರ ಬೆರಳು ಸುಡ್ತಿತ್ತು. ಮಗು ಅದನ್ನ ಚೀಪಿತು. ಬೆಳಗ್ಗೆ ಹಲ್ಲು ಬಂದಿತ್ತು. ನೋಡೋಕೆ ಅವರಿರಲಿಲ್ಲ. ನನ್ನ ಅತ್ತೆ ಹೆಣದ ಮುಂದೆ ನಿಂತು, ತೊಟ್ಟಿಲ ಕಡೆ ಕೈ ತೋರಿಸಿ… ಏನಂದ್ಲು ಅಂತ ನಾನು ಹೇಳಲ್ಲ. ಯಾರಿಗೂ ಹೇಳಿಲ್ಲ. ಸಾಯೋವರೆಗೂ ಅವಳು ತೇಯೊನ ಒಂದು ಸಲವೂ ಎತ್ತಿಕೊಳ್ಳಲಿಲ್ಲ. ಅವನು ಅಜ್ಜಿ ಅಜ್ಜಿ ಅಂತ ಸೆರಗು ಹಿಡ್ಕೊಂಡು ಹೋದರೆ, ಸೆರಗು ಕೊಡವಿಕೊಂಡು ಹೋಗ್ತಿದ್ಲು.

ಅದಕ್ಕೇ ಹೇಳ್ತಿರೋದು! ಆ ಬದುಕು ನಿಂಗೆ ಬೇಡ ಅಂತ ತಾನೆ! ಮಂಚದ ಅರ್ಧ ತಣ್ಣಗಿರೋದು ಹೇಗಿರುತ್ತೆ ಅಂತ ನಿಂಗೆ ಗೊತ್ತಾ? ಇನ್ನೂ ಚಿಕ್ಕವಳು ನೀನು. ಮಕ್ಕಳು ಆಗ್ತವೆ, ಇನ್ನೊಂದು ಆಗುತ್ತೆ, ಒಳ್ಳೇ ಗ್ರಹ ನೋಡಿ… ಅಂದ್ರೆ, ಇದು ಹೋಗುತ್ತೆ ಅಂತ ನಾನೆಲ್ಲಿ ಅಂದೆ? ನಾನು ಹಾಗನ್ನಲಿಲ್ಲ! ಬಾಯಿ ತಪ್ಪಿ ಬಂತು. ನೀನು ಹೀಗೆ ಗರ ಬಡಿದ ಹಾಗೆ ನೋಡ್ತಾ ಕೂತ್ರೆ ಬಾಯಿ ತಪ್ಪದೆ ಏನು ಮಾಡುತ್ತೆ?

ಮಾತಾಡು.

ಪರವಾಗಿಲ್ಲ, ನಾನೇ ಹೇಳ್ತಿದ್ದೀನಿ, ಮಾತಾಡು ಎಲ್ವಿರಾ. ಬೈ ಬೇಕಾದ್ರೆ. ಮುದುಕಿ, ಮಾಟಗಾತಿ ಅಂತ ಕೂಗು. ನಿಂಗೆ ಬಾಯಿ ಬರಲ್ವಾ! ಉಪ್ಪು ಜಾಸ್ತಿ ಅಂದ್ರೆ ಮೂರು ಬೀದಿಗೆ ಕೇಳೋ ಹಾಗೆ ಜಗಳ ಆಡೋಳು… ನಾನೇ ಕಟ್ಟಿದ ಬಾಯಿ, ಈಗ ನಾನೇ ಬಿಚ್ಚು ಅಂದ್ರೂ ಬಿಚ್ಚಲ್ಲ ಅಂತಾಳೆ. ದೇವಮಾತೆ…

ಸರಿ, ಮಾತಾಡಬೇಡ. ಮೌನ ಸಮ್ಮತಿ ಅಂತ ತಗೋತೀನಿ. ನೆರಳು ಹೊಸ್ತಿಲು ಮುಟ್ಟೋಕೆ ಬಂತು, ಹೋರೆ ಮುಗಿಯುತ್ತೆ. ಬಾ, ದಾರ ಕಟ್ಟಿಬಿಡ್ತೀನಿ, ಕಣ್ಣು ಮುಚ್ಕೋ. ಒಂದು ಗಂಟು, ಅಷ್ಟೇ. ಆಮೇಲೆ ಇಬ್ಬರೂ ಕೂತು ಕಡಲೆ ಉಣ್ಣೋಣ…

ಏನು ಮಾಡ್ತಿದ್ದೀಯ? ಉಣ್ಣೆ ಯಾಕೆ ಬಿಚ್ತೀಯ ನನ್ನ ಕೈಯಿಂದ? ಬಿಡು… ಹಾಂ, ನೀನೇ ಕಟ್ಕೋತೀಯಾ? ನಿನ್ನ ಕೈಗೆ ಉಣ್ಣೆ ಸುತ್ಕೊಂಡು ನೀನೇ ಕಟ್ಕೋತೀಯಾ? ನನ್ನ ಬಂಗಾರಿ! ಅದೇ ಸರಿ, ಅದೇ ಸರಿ, ನಿನ್ನ ಕೈಯಾರೆ ಕಟ್ಕೊಂಡ್ರೆ ಇನ್ನೂ… ಎತ್ತು. ಹುಷಾರು. ಉಣ್ಣೆ ಜಾರದ ಹಾಗೆ ಹಿಡ್ಕೋ. ಕುಪ್ಪಸ…

ಕುಪ್ಪಸ ಎತ್ತು ಅಂದೆ. ಅದನ್ನ ನನ್ನ ಕಡೆ ಯಾಕೆ ತರ್ತಿದ್ದೀಯ?

ನನ್ನ ಕೈ ಬಿಡು.

ಎಲ್ವಿರಾ, ಕೈ ಬಿಡು ನಂದು. ಅಂಗೈ ಯಾಕೆ ಬಿಡಿಸ್ತೀಯ… ಇದೇನು ಆಟ? ನಂಗ್ಯಾಕೆ ಇದು? ನಾನು ಬಸುರೀನಾ, ಬಾಣಂತೀನಾ? ಬತ್ತಿದ ಮುದುಕಿ ನಾನು, ನಂಗೆ ಇದರಿಂದ ಏನು ಲಾಭ, ಏನು ನಷ್ಟ! ಏನೂ ಆಗಲ್ಲ, ಗೊತ್ತು, ಒಳ್ಳೇದೇ ಇದು, ಇಬ್ಬರನ್ನೂ ಕಾಯೋದು… ಆದ್ರೂ ಬೇಡ. ಹೋರೆ ಇನ್ನೂ ಮುಗಿದಿಲ್ಲ. ದೂರ ಹಿಡಿ. ಮೊದಲು ಮುಟ್ಟಿದೋಳದು ಅದು… ಅದಕ್ಕೆ ವಯಸ್ಸು ಗೊತ್ತಾಗಲ್ಲ ಕಣೇ, ಒಳಗಿರೋದು ಯಾವುದು, ಹುಟ್ಟಿ ಬೆಳೆದದ್ದು ಯಾವುದು ಅಂತ ಅದು ಕೇಳಲ್ಲ, ಮುಟ್ಟಿದೋಳ ಹೊಟ್ಟೇದು ಅಂದ್ರೆ ಸಾಕು… ತೆಗಿ! ತಾಗುತ್ತೆ! ನಿನ್ನ ದಮ್ಮಯ್ಯ ಅಂತೀನಿ, ತೆಗಿ, ನಂಗಿರೋದು ಒಬ್ಬನೇ ಮಗ!

…

ತೆಗೆದೆಯಾ. ಹಲಗೆ ಮೇಲೆ ಇಟ್ಟೆಯಾ.

ಈಗಲೂ ಮಾತಾಡಲ್ಲ. ಇನ್ನು ಮಾತಾಡೋದೇನಿದೆ, ಅಲ್ವಾ.

ದಾರ ಕಿತ್ತು ಬೀಳಲಿಲ್ಲ ನನ್ನ ಆ ತಗಡು. ಕಟ್ಟಿದ್ದರೆ ತಾನೆ ಕೀಳೋದು! ಅತ್ತೆ ನೀರಿಗೆ ಹೋದಾಗ ಇಕ್ಕಳದಲ್ಲಿ ಹಿಡ್ಕೊಂಡು ಸೇತುವೆವರೆಗೂ ಓಡಿ ನದಿಗೆ ಎಸೆದಿದ್ದೆ, ನಿನ್ನಷ್ಟೇ ಹೊಟ್ಟೆ ಹೊತ್ಕೊಂಡು. ನಾನು ಕಟ್ಟಿಕೊಳ್ಳಲಿಲ್ಲ ಎಲ್ವಿರಾ. ಕಟ್ಟಿಕೊಂಡಿದ್ರೆ ನಿಂಗೆ ಗಂಡ ಎಲ್ಲಿಂದ ಬರ್ತಿದ್ದ?